ಹಿತ್ತಿಲ ರೈಲಿಗೆ ಯಾವ ರಿಮೋಟ್?

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಅಕ್ಕನ ಮನೆಯ ಹಿತ್ತಿಲಲ್ಲಿ ಒಂದು ರೈಲು ಓಡುತ್ತದೆ. ಗುಲಾಬಿ ಗಿಡಗಳ ಬುಡ ಬಳಸಿ, ಬಟ್ಟೆ ಒಣಹಾಕುವ ಕಂಬದ ಪಕ್ಕದಲ್ಲಿ ಹಾದು, ಮತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಮೂರು ಬೆರಳಗಲದ ಹಳಿ, ಅದರ ಮೇಲೆ ಮೊಳದುದ್ದದ ಎಂಜಿನ್, ಹಿಂದೆ ನಾಲ್ಕು ಬೋಗಿ. ಅದರ ಚಾಲಕ ಹದಿಮೂರು ವರ್ಷದ ನನ್ನ ಸೋದರಳಿಯ.

ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಈ ಹವ್ಯಾಸಕ್ಕೆ ಮಕ್ಕಳಷ್ಟೇ ಅಲ್ಲ, ನಿವೃತ್ತರೂ ಮನಸೋತಿದ್ದಾರೆ. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ ಎಲ್‌ಜಿಬಿ ಹೆಸರಿನಲ್ಲಿ 45 ಮಿಲಿಮೀಟರ್ ಅಗಲದ ಹಳಿಯ ತೋಟದ ರೈಲನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಇದು ಬಹಳ ಜನಪ್ರಿಯವಾಯಿತು. ಈ ಅಳತೆ ನಮಗೂ ಹೊಸದಲ್ಲ. 45 ಮಿಲಿಮೀಟರನ್ನು 22.5ರಿಂದ ಗುಣಿಸಿ ನೋಡಿ, ಒಂದು ಮೀಟರಿಗೆ ತುಸು ಹೆಚ್ಚು ಬರುತ್ತದೆ. ಅಂದರೆ ಇದು ಮೀಟರ್ ಗೇಜ್ ರೈಲಿನ ಪುಟ್ಟ ಪಡಿಯಚ್ಚು. ಬ್ರಾಡ್‌ಗೇಜ್ ಬರುವ ಮುನ್ನ ಬೆಂಗಳೂರು–ಮೈಸೂರು ನಡುವೆ ಓಡುತ್ತಿದ್ದುದೂ ಇದೇ ಗೇಜಿನ ಗಾಡಿ.

ಹಳಿಯಲ್ಲೇ ವಿದ್ಯುತ್ ಏಕೆ ಬೇಡ?

ಮನೆಯೊಳಗಿನ ಆಟಿಕೆ ರೈಲಿಗೆ ಹಳಿಯ ಮೂಲಕವೇ ವಿದ್ಯುತ್ ಹರಿಸುತ್ತಾರೆ. ಹಿತ್ತಿಲಿನಲ್ಲಿ ಇದು ಅಷ್ಟು ಸುಲಭವಲ್ಲ. ಮಳೆ, ಕೆಸರು, ಉದುರಿದ ಎಲೆ ಇವೆಲ್ಲ ಗಾಲಿಗೂ ಹಳಿಗೂ ನಡುವೆ ಅಡ್ಡ ಬರುತ್ತವೆ. ಹಿತ್ತಾಳೆಯ ಹಳಿ ಕಿಲುಬು ಹಿಡಿಯುತ್ತದೆ, ಜೋಡಣೆಗಳು ಸಡಿಲವಾಗುತ್ತವೆ. ಪ್ರತಿ ಸಲ ಓಡಿಸುವ ಮುನ್ನ ಹಳಿ ಉಜ್ಜಬೇಕು. ಆದ್ದರಿಂದ ಹಲವರು ಬ್ಯಾಟರಿಯನ್ನು ರೈಲಿನೊಳಗೇ ಇಟ್ಟು, ರೇಡಿಯೋ ಅಲೆಗಳಿಂದ ಅದನ್ನು ನಿಯಂತ್ರಿಸುತ್ತಾರೆ. ಆಗ ಹಳಿಯ ಕೆಲಸ ದಾರಿ ತೋರಿಸುವುದಷ್ಟೇ.

ನನ್ನ ಸೋದರಳಿಯನೂ ಇದನ್ನೇ ಮಾಡಹೊರಟ. ಕೂಡಿಟ್ಟ ಹಣದಲ್ಲಿ ಆರು ಚಾನೆಲ್‌ಗಳ ಚೆಂದದ ರಿಮೋಟ್ ಕೊಂಡ. ಅದರ ಜೊತೆಗೆ 2 ಆಂಪಿಯರ್ ತಾಳಬಲ್ಲ ಪುಟ್ಟ ವೇಗ ನಿಯಂತ್ರಕವೊಂದನ್ನು ತಂದ. ಮೂರನೆಯ ದಿನ ಗಾಲಿಗೆ ಕಲ್ಲು ಸಿಕ್ಕಿ ಎಂಜಿನ್ ನಿಂತಿತು. ಒಳಗಿನಿಂದ ಸಣ್ಣಗೆ ಹೊಗೆ ಬಂತು.

ಮೊದಲು ಮೋಟಾರು, ಆಮೇಲೆ ರಿಮೋಟು

ತಪ್ಪು ಎಲ್ಲಿತ್ತು? ಆಯ್ಕೆಯ ಕ್ರಮದಲ್ಲಿ. ರಿಮೋಟ್ ಕಣ್ಣಿಗೆ ಕಾಣುವ ವಸ್ತು, ಹಾಗಾಗಿ ಎಲ್ಲರೂ ಅದರಿಂದಲೇ ಶುರುಮಾಡುತ್ತಾರೆ. ನಿಜವಾಗಿ ಶುರುಮಾಡಬೇಕಾದದ್ದು ಮೋಟಾರಿನಿಂದ.

ಹೈಸ್ಕೂಲಿನಲ್ಲಿ ಓಮ್‌ನ ನಿಯಮ ಕಲಿತಿದ್ದೀರಲ್ಲವೇ? ಓಡುತ್ತಿರುವ ಮೋಟಾರು ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸುತ್ತದೆ. ಹೀಗಾಗಿ ಅದು ಎಳೆದುಕೊಳ್ಳುವ ವಿದ್ಯುತ್ ಕಡಿಮೆ. ಅದು ಸಿಕ್ಕಿಕೊಂಡು ನಿಂತರೆ ಈ ಎದುರು ವೋಲ್ಟೇಜ್ ಇಲ್ಲವಾಗುತ್ತದೆ. ಆಗ ಪ್ರವಾಹವನ್ನು ತಡೆಯುವುದು ತಂತಿಯ ರೋಧವೊಂದೇ. ನಾವು ಮಲ್ಟಿಮೀಟರಿನಲ್ಲಿ ಅಳೆದಾಗ ಆ ಮೋಟಾರಿನ ರೋಧ 3.5 ಓಮ್ ಇತ್ತು, ಬ್ಯಾಟರಿ 14.4 ವೋಲ್ಟ್. ಭಾಗಿಸಿದರೆ ಸುಮಾರು 4 ಆಂಪಿಯರ್! ಎರಡು ಆಂಪಿಯರಿನ ನಿಯಂತ್ರಕ ಸುಡದೆ ಏನು ಮಾಡೀತು? ಮೋಟಾರು ನಿಂತಾಗ ಎಳೆಯುವ ಪ್ರವಾಹಕ್ಕಿಂತ ಹೆಚ್ಚು ತಾಳಬಲ್ಲ ನಿಯಂತ್ರಕವನ್ನೇ ಕೊಳ್ಳಬೇಕು. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಇರಬೇಕು.

ಇನ್ನೊಂದು ಮುಖ್ಯ ಮಾತು. ಹಳಿಯಿಂದ ವಿದ್ಯುತ್ ಪಡೆಯುವ ಹಳೆಯ ಎಂಜಿನ್‌ಗೆ ಬ್ಯಾಟರಿ ಹಾಕುವುದಾದರೆ, ಗಾಲಿಯಿಂದ ಮೋಟಾರಿಗೆ ಹೋಗುವ ತಂತಿಗಳನ್ನು ಬಿಡಿಸಲೇಬೇಕು.

ಯಾವ ಬ್ಯಾಟರಿ?

ನಿಕಲ್ ಮೆಟಲ್ ಹೈಡ್ರೈಡ್ ಕೋಶ ಒಂದಕ್ಕೆ 1.2 ವೋಲ್ಟ್, ಹನ್ನೆರಡು ಜೋಡಿಸಿದರೆ 14.4. ಇದು ತೂಕದ್ದು, ಆದರೆ ರೈಲಿಗೆ ತೂಕ ದೋಷವಲ್ಲ, ಗಾಲಿಯ ಹಿಡಿತ ಹೆಚ್ಚುತ್ತದೆ. ಲಿಥಿಯಂ ಅಯಾನ್ ಕೋಶ ಹಗುರ, ಒಂದಕ್ಕೆ ಸುಮಾರು 3.7 ವೋಲ್ಟ್, ನಾಲ್ಕೇ ಸಾಕು. ಆದರೆ ಅದನ್ನು 4.2 ವೋಲ್ಟಿಗಿಂತ ಮೇಲೆ ತುಂಬಿಸಬಾರದು, ತೀರಾ ಬರಿದಾಗಿಸಲೂಬಾರದು. ರಕ್ಷಣಾ ಮಂಡಲ ಇರುವ ಬ್ಯಾಟರಿಯನ್ನೂ ಅದಕ್ಕೆಂದೇ ಇರುವ ಚಾರ್ಜರನ್ನೂ ಮಾತ್ರ ಬಳಸಿ. ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಬೇಡ. ಇದು ತಂದೆತಾಯಿಗಳು ಗಮನಿಸಬೇಕಾದ ವಿಷಯ. ಮಕ್ಕಳ ಮೊದಲ ರೈಲಿಗೆ ನಿಕಲ್ ಬ್ಯಾಟರಿಯೇ ಮೇಲು.

ಎಷ್ಟು ಹೊತ್ತು ಓಡೀತು? ಸರಾಸರಿ 1 ಆಂಪಿಯರ್ ಎಳೆಯುವ ಗಾಡಿಗೆ 2 ಆಂಪಿಯರ್–ಅವರ್ ಬ್ಯಾಟರಿ ಇದ್ದರೆ ಲೆಕ್ಕದಲ್ಲಿ ಎರಡು ಗಂಟೆ. ಒಂದೂವರೆ ಗಂಟೆ ಎಂದುಕೊಳ್ಳುವುದು ಜಾಣತನ. ಎಂಜಿನ್‌ನಲ್ಲಿ ಜಾಗವಿಲ್ಲದಿದ್ದರೆ ಹಿಂದಿನ ವ್ಯಾಗನ್‌ನಲ್ಲಿ ಬ್ಯಾಟರಿ ಇಡಬಹುದು.

ಮೂರು ಬಗೆ

ಈಗ ರಿಮೋಟಿಗೆ ಬರೋಣ. ಮೊದಲನೆಯದು ಆಟಿಕೆ ಕಾರು, ವಿಮಾನಗಳಿಗೆ ಬಳಸುವ ಕಡ್ಡಿಯ ಮಾದರಿ. ಬೆಲೆ ಕಡಿಮೆ, ಸುಲಭವಾಗಿ ಸಿಗುತ್ತದೆ. ಆದರೆ ಕಾರಿನ ರಿಮೋಟಿನಲ್ಲಿ ಕೈಬಿಟ್ಟೊಡನೆ ಸ್ಪ್ರಿಂಗ್ ವೇಗವನ್ನು ಸೊನ್ನೆಗೆ ತರುತ್ತದೆ. ರೈಲಿಗಾದರೋ ಒಂದೇ ವೇಗದಲ್ಲಿ ಓಡುತ್ತಿರಬೇಕು. ಎರಡನೆಯದು ರೈಲಿಗೆಂದೇ ಮಾಡಿದ್ದು. ತಿರುಗಿಸುವ ಗುಂಡಿ, ಹಿಂದೆ–ಮುಂದೆ ಸ್ವಿಚ್ಚು. ಗ್ರಾಹಕ ಮತ್ತು ವೇಗ ನಿಯಂತ್ರಕ ಒಂದೇ ಹಲಗೆಯಲ್ಲಿರುತ್ತವೆ. ಹೊಸಬರಿಗೆ ಇದೇ ಸರಿ. ಮೂರನೆಯದು ಡಿಜಿಟಲ್. ಪ್ರತಿ ಎಂಜಿನ್‌ಗೂ ಒಂದು ವಿಳಾಸ ಸಂಖ್ಯೆ. ಸೀಟಿ, ದೀಪ, ಉಗಿಯ ಸದ್ದು ಎಲ್ಲ ಬೇರೆ ಬೇರೆ. ದುಬಾರಿ, ಕಲಿಯಲು ಸಮಯ ಬೇಕು. ಮೊಬೈಲ್ ಫೋನಿನಿಂದ ಓಡಿಸುವುದೂ ಉಂಟು. ಆದರೆ ಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣದು, ಗುಂಡಿ ಕೈಗೆ ಸಿಗದು.

ಹಳೆಯ 27 ಮೆಗಾಹರ್ಟ್ಸ್ ಸೆಟ್ಟುಗಳಲ್ಲಿ ಇಬ್ಬರು ಒಂದೇ ಚಾನೆಲ್ ಹಿಡಿದರೆ ಒಬ್ಬನ ರಿಮೋಟಿಗೆ ಇನ್ನೊಬ್ಬನ ರೈಲು ಓಡುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ರಿಮೋಟು, ಗ್ರಾಹಕ ಪರಸ್ಪರ ಗುರುತು ಹಿಡಿದೇ ಕೆಲಸ ಮಾಡುವುದರಿಂದ ಆ ಗೊಂದಲವಿಲ್ಲ. ಅಲೆಯ ಉದ್ದ 12.5 ಸೆಂಟಿಮೀಟರ್ ಆದ್ದರಿಂದ 3 ಸೆಂಟಿಮೀಟರಿನ ಆಂಟೆನಾ ಸಾಕು. ಅದನ್ನು ಲೋಹದ ಕವಚದೊಳಗೆ ಮುಚ್ಚಬಾರದು ಅಷ್ಟೆ.

ನಮ್ಮ ದೇಶದಲ್ಲೂ 2.4 ಗಿಗಾಹರ್ಟ್ಸನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದು. ಅಮೆರಿಕದ ಕೆಲವು ರೈಲು ಸೆಟ್ಟುಗಳು 900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ನಮ್ಮಲ್ಲಿ ಆ ಪಟ್ಟಿಯ ಒಂದು ಭಾಗ ಮೊಬೈಲ್ ದೂರವಾಣಿಗೆ ಸೇರಿದ್ದು. ಅಮೆರಿಕದ ನೆಂಟರು ಉಡುಗೊರೆ ತರುವ ಮುನ್ನ ಇದನ್ನು ತಿಳಿಸಿಬಿಡಿ.

ಸಂಪರ್ಕ ಕಡಿದರೆ?

ಕೊನೆಯದಾಗಿ, ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ರಿಮೋಟಿನ ಸಂಪರ್ಕ ಕಡಿದುಹೋದರೆ ರೈಲು ಏನು ಮಾಡುತ್ತದೆ? ಕೆಲವು ನಿಲ್ಲುತ್ತವೆ, ಕೆಲವು ಅದೇ ವೇಗದಲ್ಲಿ ಓಡುತ್ತಲೇ ಇರುತ್ತವೆ. ಪುಟ್ಟ ಮಕ್ಕಳು ಓಡಾಡುವ ಮನೆಯಲ್ಲಿ ನಿಲ್ಲುವಂಥದ್ದೇ ಬೇಕು.

ಹೊಸ ನಿಯಂತ್ರಕ ಹಾಕಿದ ದಿನ ನನ್ನ ಸೋದರಳಿಯ ಗಾಡಿಯನ್ನು ನಿಧಾನವಾಗಿ ಬಿಟ್ಟು, ಬೇಕೆಂದೇ ರಿಮೋಟನ್ನು ಆರಿಸಿದ. ಎರಡು ಗೇಣು ಸಾಗಿ ರೈಲು ನಿಂತಿತು. "ಈಗ ನೀವು ಓಡಿಸಬಹುದು, ಮಾಮ" ಎಂದು ರಿಮೋಟನ್ನು ನನ್ನ ಕೈಗೆ ಕೊಟ್ಟ.