ಹೃದಯಕ್ಕೆ ಮಣಿಕಟ್ಟಿನ ದಾರಿ

‘ಡಾಕ್ಟ್ರೇ, ಕೈಯಲ್ಲಿ ಮಾಡ್ತೀರೋ, ಕಾಲಲ್ಲಿ ಮಾಡ್ತೀರೋ?’ ಆಂಜಿಯೋಗ್ರಾಂ ಎಂದಾಕ್ಷಣ ರೋಗಿಯ ಮನೆಯವರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ನಲವತ್ತು ವರ್ಷಗಳ ಹಿಂದೆ ಹೀಗೆ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಆಗ ಹೆಚ್ಚಿನವರಿಗೆ ತೊಡೆಸಂದೇ ಗತಿ. ಆದರೆ ಹೃದಯಕ್ಕೆ ಕ್ಯಾಥೆಟರ್ ಎಂಬ ತೆಳು ಕೊಳವೆ ಮೊದಲು ಹೋದದ್ದು ಕೈಯಿಂದಲೇ. ನಡುವೆ ಕೈಬಿಟ್ಟುಹೋದ ಆ ದಾರಿ ಮತ್ತೆ ಬಳಕೆಗೆ ಬಂದದ್ದರ ಹಿಂದೆ ದೊಡ್ಡ ಕಥೆಯಿದೆ.

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನ ಎಡಗೈಯ ಅಭಿಧಮನಿಗೆ ತಾನೇ ಕೊಳವೆ ತೂರಿಸಿಕೊಂಡ. ಮೂತ್ರನಾಳಕ್ಕೆ ಹಾಕುವ ಆ ತೆಳು ಕೊಳವೆಯನ್ನು 65 ಸೆಂಟಿಮೀಟರ್‌ ಒಳಕ್ಕೆ ತಳ್ಳಿ, ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದುಹೋಗಿ, ಅದರ ತುದಿ ಹೃದಯ ಮುಟ್ಟಿದ್ದನ್ನು ಚಿತ್ರ ತೆಗೆಸಿದ. 1956ರಲ್ಲಿ ಆತನಿಗೆ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಆದರೆ ಅಭಿಧಮನಿ ಒಯ್ಯುವುದು ಹೃದಯದ ಬಲಭಾಗಕ್ಕೆ. ಹೃದಯಕ್ಕೇ ರಕ್ತ ಉಣಿಸುವ ಕೊರೊನರಿ ನಾಳಗಳನ್ನು ನೋಡಬೇಕಾದರೆ ಅಪಧಮನಿಯೊಳಗೆ ಇಳಿಯಲೇಬೇಕು.

ಅದು ಸಾಧ್ಯವೆಂದು ತೋರಿದ್ದು 1958ರ ಅಕ್ಟೋಬರ್‌ನಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ. ಮೇಸನ್ ಸೋನ್ಸ್ ಮಹಾಪಧಮನಿಗೆ ಬಣ್ಣದ್ರವ ಬಿಡಲು ಹೊರಟಿದ್ದಾಗ ಕ್ಯಾಥೆಟರ್‌ನ ತುದಿ ಜಾರಿ ಬಲ ಕೊರೊನರಿಯೊಳಕ್ಕೆ ಹೋಗಿತ್ತು. ದ್ರವವೆಲ್ಲ ಅಲ್ಲಿಗೇ ನುಗ್ಗಿತು, ಹೃದಯ ಕೆಲವು ಸೆಕೆಂಡು ನಿಂತಿತು. ಕೆಮ್ಮುವಂತೆ ಕೂಗಿ ಹೇಳಿದಾಗ ರೋಗಿ ಕೆಮ್ಮಿದ, ಬಡಿತ ಮರಳಿತು. ಆ ನಾಳಕ್ಕೇ ಬಣ್ಣ ಬಿಟ್ಟರೂ ಮನುಷ್ಯ ಬದುಕುತ್ತಾನೆ ಎಂಬ ಅರಿವಿನಿಂದ ಕೊರೊನರಿ ಆಂಜಿಯೋಗ್ರಾಂ ಹುಟ್ಟಿತು.

ಸೋನ್ಸ್ ಹಿಡಿದದ್ದು ಮೊಣಕೈ ಮಡಿಕೆಯ ಬ್ರೇಕಿಯಲ್ ಅಪಧಮನಿಯ ದಾರಿ. ಚರ್ಮ ಕೊಯ್ದು, ನಾಳ ಬಿಡಿಸಿ, ಕೆಲಸವಾದ ಮೇಲೆ ಹೊಲಿಗೆ ಹಾಕಬೇಕಿತ್ತು. ಮುಂಗೈಗೆ ರಕ್ತ ಹೋಗುವ ಹೆದ್ದಾರಿ ಇದೊಂದೇ. ಇಲ್ಲಿ ಹೆಪ್ಪುಗಟ್ಟಿದರೆ ಇಡೀ ಕೈಗೇ ಆಪತ್ತು. ಪಕ್ಕದಲ್ಲೇ ಮೀಡಿಯನ್ ನರವಿದೆ. ಒಳಗೆ ರಕ್ತ ಸೋರಿ ಬಾವು ಬಂದರೆ ಅದರ ಒತ್ತಡ ನೇರ ನರದ ಮೇಲೆ ಬೀಳುತ್ತದೆ.

ಹಾಗಾಗಿ ತೊಡೆ ಗೆದ್ದಿತು. ಸೂಜಿ ಚುಚ್ಚಿ, ತಂತಿ ಇಳಿಸಿ, ತಂತಿಯ ಮೇಲೆ ಕೊಳವೆ ಜಾರಿಸುವ ವಿಧಾನವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲೇ ಪ್ರಕಟಿಸಿದ್ದರು. 1967ರಲ್ಲಿ ಜಡ್‌ಕಿನ್ಸ್, ಕೊರೊನರಿಯ ಬಾಯಿಗೆ ತಾವಾಗಿಯೇ ಹೋಗಿ ಕೂರುವಂಥ ಬಾಗಿದ ತುದಿಯ ಕ್ಯಾಥೆಟರ್‌ಗಳನ್ನು ಬಳಕೆಗೆ ತಂದರು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಮೊದಲ ಬಲೂನ್ ಆಂಜಿಯೋಪ್ಲಾಸ್ಟಿ ಮಾಡಿದ್ದೂ ತೊಡೆಯಿಂದಲೇ. ನಾಳ ದಪ್ಪ, ದಾರಿ ನೇರ, ವೈದ್ಯರ ಕೈಗೆ ಸುಲಭ.

ಕಷ್ಟ ಶುರುವಾಗುತ್ತಿದ್ದದ್ದು ಕೊಳವೆ ಹೊರತೆಗೆದ ಮೇಲೆ. ಕಾಲು ಮಡಿಸದೆ ಗಂಟೆಗಟ್ಟಲೆ ಅಂಗಾತ ಮಲಗಬೇಕು. ರಕ್ತ ಹೊಟ್ಟೆಯ ಹಿಂಭಾಗಕ್ಕೆ ಸೋರಿದರೆ ಹೊರಗೆ ಕಾಣುವುದೂ ಇಲ್ಲ. ಸ್ಟೆಂಟ್ ಬಂದ ಆರಂಭದ ದಿನಗಳಲ್ಲಿ ಅದು ಮುಚ್ಚಿಹೋಗದಿರಲೆಂದು ರಕ್ತ ತೆಳುವಾಗಿಸುವ ಔಷಧಗಳನ್ನು ಧಾರಾಳವಾಗಿ ಕೊಡುತ್ತಿದ್ದುದರಿಂದ ಈ ಕಾಟ ಇನ್ನೂ ಹೆಚ್ಚಾಯಿತು.

ಆಗ ಕೈಯ ದಾರಿ ಮತ್ತೆ ನೆನಪಾಯಿತು, ಈ ಸಲ ಮಣಿಕಟ್ಟಿನಲ್ಲಿ. ಮಾಂಟ್ರಿಯಲ್‌ನ ಲೂಸಿಯನ್ ಕಾಂಪೋ 1989ರಲ್ಲಿ 100 ರೋಗಿಗಳಲ್ಲಿ ರೇಡಿಯಲ್ ಅಪಧಮನಿಗೆ ಸೂಜಿ ಚುಚ್ಚಿ ಆಂಜಿಯೋಗ್ರಾಂ ಮಾಡಿದ ಅನುಭವ ಬರೆದರು. 1992ರಲ್ಲಿ ಆಮ್ಸ್ಟರ್‌ಡ್ಯಾಮ್‌ನ ಫರ್ಡಿನಂಡ್ ಕೀಮನೈ ಅಲ್ಲಿಂದಲೇ ಆಂಜಿಯೋಪ್ಲಾಸ್ಟಿ ಆರಂಭಿಸಿದರು. ನಾವು ನಾಡಿ ನೋಡುವುದು ಇದೇ ನಾಳದಲ್ಲಿ. ಬಾಲ್‌ಪೆನ್ ರೀಫಿಲ್‌ನಷ್ಟೇ ದಪ್ಪ. ಆದರೆ ಚರ್ಮದ ಕೆಳಗೇ ಇದೆ, ಅಡಿಗೆ ಮೂಳೆಯಿದೆ, ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಅಂಗೈಗೆ ಕಿರುಬೆರಳ ಕಡೆಯಿಂದ ಬರುವ ಅಲ್ನಾರ್ ನಾಳವೂ ರಕ್ತ ಉಣಿಸುವುದರಿಂದ ಒಂದು ಮುಚ್ಚಿದರೂ ಸಾಮಾನ್ಯವಾಗಿ ಕೈಗೆ ಧಕ್ಕೆಯಿಲ್ಲ.

ಮೂರೂ ದಾರಿಗಳನ್ನು ಎದುರುಬದುರು ಇಟ್ಟು ತೂಗಿದ್ದು ಕೀಮನೈ ತಂಡವೇ. 900 ರೋಗಿಗಳನ್ನು ಮುನ್ನೂರರಂತೆ ಹಂಚಿದ ಆ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಚುಚ್ಚಿದ ಜಾಗದ ದೊಡ್ಡ ತೊಂದರೆಗಳು ಮೊಣಕೈಯಲ್ಲಿ ಶೇ 2.3, ತೊಡೆಯಲ್ಲಿ ಶೇ 2, ಮಣಿಕಟ್ಟಿನಲ್ಲಿ ಸೊನ್ನೆ. ಆದರೆ ಕ್ಯಾಥೆಟರ್ ಕೊರೊನರಿ ತಲುಪಿದ್ದು ತೊಡೆಯಿಂದ ಶೇ 99.7ರಷ್ಟು ಮಂದಿಯಲ್ಲಿ, ಮಣಿಕಟ್ಟಿನಿಂದ ಶೇ 93ರಷ್ಟು ಮಂದಿಯಲ್ಲಿ ಮಾತ್ರ. ನಾಳ ಸೆಟೆದುಕೊಳ್ಳುವುದು, ಭುಜದ ಬಳಿ ದಾರಿ ಸುತ್ತಿಬಳಸುವುದು, ಇವಕ್ಕೆಲ್ಲ ಕೈ ಪಳಗಬೇಕಿತ್ತು. ಪಳಗಿದ ಮೇಲೆ ಫಲ ಕಂಡಿತು: 8,404 ಹೃದಯಾಘಾತ, ಎದೆನೋವಿನ ರೋಗಿಗಳಿದ್ದ 2015ರ ಮೇಟ್ರಿಕ್ಸ್ ಅಧ್ಯಯನದಲ್ಲಿ ಮಣಿಕಟ್ಟಿನ ದಾರಿಯಿಂದ ರಕ್ತಸ್ರಾವವೂ ಸಾವೂ ಕಡಿಮೆಯಾದವು.

ಹುಡುಕಾಟ ಅಲ್ಲಿಗೇ ನಿಲ್ಲಲಿಲ್ಲ. ಅಲ್ನಾರ್ ತುಸು ಆಳದಲ್ಲಿದೆ, ಪಕ್ಕದಲ್ಲೇ ನರವಿದೆ. ಆದರೂ ಪಳಗಿದ ಕೈಗಳಲ್ಲಿ ಅದು ರೇಡಿಯಲ್‌ಗೆ ಕಡಿಮೆಯೇನಲ್ಲ ಎಂದು ರಾಜಸ್ಥಾನದ ಅಜ್ಮೇರ್‌ನ ವೈದ್ಯರು 2016ರಲ್ಲಿ ತೋರಿಸಿದರು. ಹೆಬ್ಬೆರಳನ್ನು ಮೇಲಕ್ಕೆ ಚಾಚಿ ನೋಡಿ: ಅದರ ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಸಣ್ಣ ಗುಳಿ ಬೀಳುತ್ತದೆ. ರೇಡಿಯಲ್ ಅಪಧಮನಿ ಅಲ್ಲಿಯೂ ಹಾಯುತ್ತದೆ. ಎಡಗೈಯ ಆ ಗುಳಿಯಿಂದ ಆಂಜಿಯೋಗ್ರಾಂ ಮಾಡುವುದನ್ನು 2017ರಲ್ಲಿ ಪ್ರಚಾರಕ್ಕೆ ತಂದವರೂ ಕೀಮನೈ.

ಹೊಸ ದಾರಿಗಳು ಬೇಕಾದದ್ದು ರೇಡಿಯಲ್‌ಗೂ ಒಂದು ಕೊರತೆ ಇರುವುದರಿಂದ: ಕೆಲವರಲ್ಲಿ ನಾಳ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ನೋವಿಲ್ಲದ್ದರಿಂದ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಮುಂದೆ ಮತ್ತೊಂದು ಆಂಜಿಯೋಗ್ರಾಂಗೆ, ಬೈಪಾಸ್‌ಗೆ, ಡಯಾಲಿಸಿಸ್‌ನ ಫಿಸ್ಟುಲಾಗೆ ಬೇಕಾಗಬಹುದಾದ ನಾಳ ಅದು. ಕೊಳವೆ ತೆಗೆದ ಮೇಲೆ ಮಣಿಕಟ್ಟಿಗೆ ಹಾಕುವ ಪಟ್ಟಿಯನ್ನು ಬಿಗಿಯಾಗಿ ಕಟ್ಟದೆ, ರಕ್ತ ಸೋರದಷ್ಟು, ಒಳಹರಿವು ನಿಲ್ಲದಷ್ಟು ಮಾತ್ರ ಒತ್ತಿದರೆ ಮುಚ್ಚುವ ಪ್ರಮಾಣ 24 ಗಂಟೆಯಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿಯುತ್ತದೆಂದು 2008ರ ಒಂದು ಅಧ್ಯಯನ ತೋರಿಸಿತು.

ತೊಡೆಯ ದಾರಿಯನ್ನು ಮರೆಯುವಂತಿಲ್ಲ. ಕವಾಟ ಬದಲಿಸಲು, ಕುಸಿಯುತ್ತಿರುವ ಹೃದಯಕ್ಕೆ ಆಸರೆಯ ಯಂತ್ರ ಕೂರಿಸಲು ದಪ್ಪ ನಾಳವೇ ಬೇಕು. ಕಿರಿಯ ವೈದ್ಯರು ಆ ವಿದ್ಯೆಯನ್ನೂ ಕಲಿಯಬೇಕು. ಉಳಿದ ರೋಗಿಗಳಿಗೆ ಮಣಿಕಟ್ಟೇ ಮೊದಲ ಆಯ್ಕೆ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತ. ಆದರೆ ಸ್ಟೆಂಟ್ ಕೂತೊಡನೆ ಕೈಯ ಹೊಣೆ ಮುಗಿಯುವುದಿಲ್ಲ. ರೋಗಿಯನ್ನು ಮನೆಗೆ ಕಳಿಸುವ ಮುನ್ನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಅಲ್ನಾರ್ ಒತ್ತಿ ಹಿಡಿದು, ರೇಡಿಯಲ್‌ನ ಅಲೆ ಪರದೆಯ ಮೇಲೆ ಕಾಣುತ್ತದೆಯೇ ಎಂದು ನೋಡಿ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯುವುದು ಎಲ್ಲ ಆಸ್ಪತ್ರೆಗಳಲ್ಲೂ ವಾಡಿಕೆಯಾಗಬೇಕು. ಯಂತ್ರ ವಾರ್ಡಿನಲ್ಲೇ ಇರುತ್ತದೆ, ಹಿಡಿಯುವುದು ಒಂದೆರಡು ನಿಮಿಷ.