ಹಸಿ ಸೌದೆಯ ಹೊಗೆ, ಒಣ ಸೌದೆಯ ಉರಿ

ಪರಶುರಾಂಪುರ: ಚಳ್ಳಕೆರೆ ತಾಲ್ಲೂಕಿನ ಈ ಭಾಗದಲ್ಲಿ ಸೌದೆ ಎಂದರೆ ಬಹುಮಟ್ಟಿಗೆ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಮರ ಬಯಲುಸೀಮೆಯ ಕೆರೆಯಂಗಳ, ಹಳ್ಳದ ದಂಡೆ, ಬೀಳು ಭೂಮಿಗಳಲ್ಲಿ ಹಬ್ಬಿಕೊಂಡಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅಡುಗೆ ಅನಿಲ ಹಳ್ಳಿಗಳನ್ನು ತಲುಪಿದರೂ ಸ್ನಾನದ ಹಂಡೆಯ ಕೆಳಗೆ ಸೌದೆ ಉರಿಯುವುದು ನಿಂತಿಲ್ಲ. ಒಲೆಯ ಮುಂದೆ ಕೂರುವ ಹೆಣ್ಣುಮಕ್ಕಳ ಕಣ್ಣುರಿ, ಕೆಮ್ಮು ಕಡಿಮೆಯಾಗಬೇಕಾದರೆ ಸೌದೆ ಸೀಳುವ ಮತ್ತು ಒಣಗಿಸುವ ಕ್ರಮದತ್ತ ಗಮನ ಹರಿಸಬೇಕು.

ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದವರೆಗೂ ನೀರೇ ಇರಬಹುದು. ಅದು ಆವಿಯಾಗುವ ತನಕ ಒಲೆ ಕಾವೇರುವುದಿಲ್ಲ. ಕಾವೇರದ ಒಲೆಯಲ್ಲಿ ಮರದಿಂದ ಹೊರಟ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗುತ್ತವೆ. ತೇವಾಂಶ ಶೇ 20ಕ್ಕಿಂತ ಕೆಳಗಿಳಿದ ಸೌದೆ ಒಲೆಗೆ ಯೋಗ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡು 1980ರ ದಶಕದಲ್ಲಿ ರಾಜ್ಯದ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆಗೂ ಈ ಮಾತು ಅನ್ವಯಿಸುತ್ತದೆ.

ತೊಗಟೆ ನೀರನ್ನು ಹಿಡಿದಿಡುತ್ತದೆ. ಆದ್ದರಿಂದ ದಿಮ್ಮಿಯನ್ನು ಇಡಿಯಾಗಿ ಒಣಗಲು ಬಿಟ್ಟು ಅನಂತರ ಸೀಳುವುದು ಎರಡು ಪಟ್ಟು ಶ್ರಮ. ಹಸಿ ಜಾಲಿ ಕೊಡಲಿಗೆ ಬಗ್ಗುತ್ತದೆ, ಒಣಗಿದ ಜಾಲಿ ಕಬ್ಬಿಣವೇ ಸರಿ. ಅದರ ಮುಳ್ಳು ಚುಚ್ಚಿಸಿಕೊಂಡವರಿಗೆ ನೋವಿನ ಪರಿಚಯವಿರುವುದರಿಂದ ಕೊಂಬೆಗಳನ್ನು ಮೊದಲೇ ಸವರಿ, ಗಟ್ಟಿ ಚಪ್ಪಲಿ ಮೆಟ್ಟಿ ಕೆಲಸಕ್ಕಿಳಿಯುವುದು ಲೇಸು. ನೀಲಗಿರಿಯ ಎಳೆ ತಿರುಚಿಕೊಂಡಿರುತ್ತದೆ. ಅದನ್ನೂ ಹಸಿಯಿದ್ದಾಗಲೇ ಸೀಳಬೇಕು. ಹುಣಸೆಯಲ್ಲಿ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ನಡುವೆ ಹೊಡೆದ ಕೊಡಲಿ ಸಿಕ್ಕಿಬೀಳುತ್ತದೆ. ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸುತ್ತ ಬಂದು, ಉಳಿದದ್ದಕ್ಕೆ ಬೆಣೆ ಹೊಡೆಯಬೇಕು. ಯಾವ ಮರವೇ ಆಗಲಿ, ಗಂಟಿನ ಮೇಲೆ ಹಾಕಿದ ಪೆಟ್ಟು ದಂಡ. ಹೊಂಗೆಗೆ ಹುಳು ಬೇಗ ಹಿಡಿಯುವುದರಿಂದ ಒಣಗಿದೊಡನೆ ಅದನ್ನೇ ಮೊದಲು ಬಳಸುವುದು ಜಾಣತನ. ತೆಂಗಿನ ಗರಿ ಒಲೆ ಹೊತ್ತಿಸಲು ಒದಗೀತು, ಕೆಂಡ ನಿಲ್ಲದು.

ಒಣಗಿಸುವಲ್ಲಿ ಬಿಸಿಲಿನಷ್ಟೇ ಗಾಳಿಯೂ ಮುಖ್ಯ. ಕಲ್ಲುಗಳ ಮೇಲೆ ಎರಡು ಗಳು ಹಾಸಿ, ನೆಲ ಸೋಕದಂತೆ ಸೌದೆ ಒಟ್ಟಬೇಕು. ಇಲ್ಲದಿದ್ದರೆ ಗೆದ್ದಲು ಖಚಿತ. ಗೋಡೆಗೆ ಒತ್ತಿ ಒಟ್ಟಿದರೆ ಹಾವು, ಚೇಳುಗಳಿಗೆ ಆಶ್ರಯ. ಮಳೆ ಬಂದಾಗ ಮೇಲ್ಭಾಗವನ್ನಷ್ಟೇ ಮುಚ್ಚಬೇಕು. ಸುತ್ತಲೂ ಪ್ಲಾಸ್ಟಿಕ್ ಹೊದಿಸಿದರೆ ಒಳಗಿನ ತೇವ ಹೊರಹೋಗದೆ ಬೂಷ್ಟು ಬರುತ್ತದೆ. ಮುಂಗೈ ದಪ್ಪದ ಸೀಳುಗಳನ್ನು ಜನವರಿಯಲ್ಲಿ ಒಟ್ಟಿದರೆ ಈ ಸೀಮೆಯ ಬೇಸಿಗೆಗೆ ಮುಂಗಾರಿನೊಳಗೆ ಒಣಗುತ್ತವೆ. ಹುಣಸೆಯ ದಪ್ಪ ತುಂಡುಗಳಿಗೆ ಇನ್ನೊಂದು ಬೇಸಿಗೆ ಬೇಕಾದೀತು.

ಒಣಗಿದ ಸೌದೆಯ ತುದಿಗಳಲ್ಲಿ ಬಿರುಕು ಮೂಡುತ್ತದೆ, ತೊಗಟೆ ಸಡಿಲವಾಗುತ್ತದೆ. ಎರಡು ತುಂಡುಗಳನ್ನು ತಾಟಿಸಿದರೆ ಠಣ್ ಎನ್ನುತ್ತದೆ. ಸಂಶಯವಿದ್ದವರು ಸೀಳಿದ ದಿನವೇ ಒಂದು ತುಂಡಿಗೆ ಗುರುತು ಹಾಕಿ ತೂಗಿಟ್ಟುಕೊಳ್ಳಬಹುದು. ಬೇಸಿಗೆಯಲ್ಲಿ ಎರಡು ವಾರ ಕಳೆದರೂ ಅದರ ತೂಕ ಇಳಿಯದಿದ್ದರೆ ಆ ರಾಶಿಯನ್ನು ಒಲೆಗೆ ಬಳಸಬಹುದು.