ಮೇಜಿನ ಮೇಲಿಂದ ಸೂರ್ಯನವರೆಗೆ

ಜಯನಗರದ ಮನೆಯಲ್ಲೋ ಬನಶಂಕರಿಯ ಡಿಟಿಪಿ ಅಂಗಡಿಯಲ್ಲೋ ಬಿ.ಟಿ.ಎಂ. ಲೇಔಟಿನ ಪಿ.ಜಿ. ಕೋಣೆಯಲ್ಲೋ ಒಂದು ವಿಂಡೋಸ್ ಕಂಪ್ಯೂಟರ್ ಆನ್ ಮಾಡಿ. ಏನನ್ನೂ ತೆರೆಯಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. 1996ರಲ್ಲಿ ವಿಂಡೋಸ್ ಎನ್‌ಟಿ 4.0 ಜತೆ ಬಂದ ಟಾಸ್ಕ್ ಮ್ಯಾನೇಜರ್ ಎದುರಿಗೆ ನಿಲ್ಲುತ್ತದೆ. ನೀವಿನ್ನೂ ಕೆಲಸವನ್ನೇ ಶುರು ಮಾಡಿಲ್ಲ, ಒಳಗೆ ಆಗಲೇ 150ರಿಂದ 200 ಪ್ರೊಸೆಸ್‌ಗಳು, ಅಂದರೆ ಚಾಲನೆಗೊಂಡ ಪ್ರೋಗ್ರಾಂಗಳು, ಓಡುತ್ತಿವೆ!

ಇವುಗಳ ಎಳೆಗಳನ್ನು, ಅಂದರೆ ಥ್ರೆಡ್‌ಗಳನ್ನು ಎಣಿಸಿದರೆ ಲೆಕ್ಕ 2,000 ದಾಟುವುದು ಮಾಮೂಲು. ಇವಕ್ಕಾಗಿ ಪ್ರೊಸೆಸರಿನಲ್ಲಿ ದುಡಿಯುವ ಕೋರ್‌ಗಳೆಷ್ಟು? ಅನೇಕ ಕಂಪ್ಯೂಟರುಗಳಲ್ಲಿ ಬರೀ 8. ದರ್ಶಿನಿಯೊಂದರ 8 ಕೌಂಟರುಗಳ ಮುಂದೆ 2,000 ಗಿರಾಕಿಗಳು ನಿಂತಂತೆ, ಕೌಂಟರಿಗೆ 250 ಮಂದಿ! ಆದರೂ ಹಾಡು ತುಂಡಾಗುವುದಿಲ್ಲ, ಮೌಸ್ ತಡವರಿಸುವುದಿಲ್ಲ.

ಈಗ ಒಂದು ಕೋರ್‌ನ ವೇಗ ನೋಡಿ. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಬಡಿತ. ಜಯನಗರದ ಪಕ್ಕದಲ್ಲೇ ಇರುವ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ವರ್ಷಕ್ಕೊಂದು ಬಡಿತದಂತೆ ಎಣಿಸಿದರೆ ಆ ಬಂಡೆಯ ಇಡೀ ಆಯುಷ್ಯ ಒಂದೇ ಸೆಕೆಂಡಿನಲ್ಲಿ ಮುಗಿಯಿತು! 1,380 ಕೋಟಿ ವರ್ಷದ ವಿಶ್ವಕ್ಕೆ 4.6 ಸೆಕೆಂಡು ಸಾಕು. ಸೆಕೆಂಡಿಗೆ ಭೂಮಿಯನ್ನು ಏಳೂವರೆ ಸುತ್ತು ಹಾಕುವ ಬೆಳಕು, ಒಂದು ಬಡಿತ ಮುಗಿಯುವುದರೊಳಗೆ ಸಾಗುವುದು 10 ಸೆಂಟಿಮೀಟರ್, ಅರ್ಧ ಗೇಣು!

ಸೆಕೆಂಡಿಗೆ 10 ಕೀಲಿ ಒತ್ತುವ ಚುರುಕು ಬೆರಳಿನ ಟೈಪಿಸ್ಟ್ ಒಬ್ಬರನ್ನು ನೆನೆಯಿರಿ. ಎರಡು ಕೀಲಿಗಳ ನಡುವೆ 30 ಕೋಟಿ ಬಡಿತ ಕಳೆಯುತ್ತದೆ. ಒಂದೊಂದು ಬಡಿತವೂ ಒಂದೊಂದು ಸೆಕೆಂಡಾದರೆ, ಮುಂದಿನ ಅಕ್ಷರಕ್ಕಾಗಿ ಯಂತ್ರ ಕಾಯುವುದು ಒಂಬತ್ತೂವರೆ ವರ್ಷ! ಇದು ಒಂದು ಕೋರ್‌ನ ಲೆಕ್ಕ. ಎಂಟೂ ಸೇರಿದರೆ ಸೆಕೆಂಡಿಗೆ 2,400 ಕೋಟಿ ಬಡಿತ. ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಹೆಚ್ಚುಕಡಿಮೆ ಮೂರು ಮೂರು ಹಂಚಬಹುದು.

ವೇಗವೇ ಇಷ್ಟಾದರೆ ಜಾಗದ ಲೆಕ್ಕ ತಲೆ ತಿರುಗಿಸುತ್ತದೆ. ಕಂಪ್ಯೂಟರಿನಲ್ಲಿ ನಿಜಕ್ಕೂ ಇರುವ ಮೆಮೊರಿ 16 ಜಿಬಿ ಎನ್ನಿ. ಬೈಟಿಗೊಂದು ಮಿಲಿಮೀಟರಿನಂತೆ ಹಾಸಿದರೆ 17,000 ಕಿಲೋಮೀಟರ್, ಭೂಮಿಯ ಸುತ್ತಳತೆಯ ಅರ್ಧವೂ ಆಗದು. ಆದರೆ 64 ಬಿಟ್ ವಿಂಡೋಸ್ ತನ್ನಲ್ಲಿ ಓಡುವ ಒಂದೊಂದು 64 ಬಿಟ್ ಪ್ರೊಸೆಸ್‌ಗೂ ಬಿಟ್ಟುಕೊಡುವ ವಿಳಾಸಗಳ ಹರವು 128 ಟಿಬಿ! ಅದೇ ಅಳತೆಯಲ್ಲಿ ಹಾಸಿದರೆ 14 ಕೋಟಿ ಕಿಲೋಮೀಟರ್. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಪುಟ್ಟ ಕ್ಯಾಲ್ಕುಲೇಟರ್ ಪ್ರೋಗ್ರಾಮಿಗೂ ಸೂರ್ಯನ ಹೊಸ್ತಿಲವರೆಗಿನ ಹಾದಿ! ಅದು ಹಟ ಹಿಡಿದು ನಿಂತರೆ ‘ಎಂಡ್ ಟಾಸ್ಕ್’ ಒತ್ತಿ, ಅಷ್ಟೂ ಹಾದಿ ಕಣ್ಣೆವೆ ಇಕ್ಕುವಷ್ಟರಲ್ಲಿ ಮಾಯ.

ಇಂಥ 200 ಪ್ರೊಸೆಸ್‌ಗಳ ಹಾದಿಗಳನ್ನು ಒಂದರ ತುದಿಗೊಂದು ಜೋಡಿಸಿ: 2,800 ಕೋಟಿ ಕಿಲೋಮೀಟರ್! 1977ರಿಂದ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಧಾವಿಸುತ್ತಲೇ ಇರುವ ವಾಯೇಜರ್ 1 ನೌಕೆ, ಮನುಷ್ಯ ಕಳಿಸಿದ ವಸ್ತುಗಳಲ್ಲೆಲ್ಲ ಅತಿ ದೂರ ಹೋಗಿರುವುದು, ತಲುಪಿರುವುದು ಸುಮಾರು 2,500 ಕೋಟಿ. ನಿಮ್ಮ ಮೇಜಿನ ಮೇಲಿನ ಲೆಕ್ಕವನ್ನು ಮುಟ್ಟಲು ಅದಕ್ಕೆ ಇನ್ನೂ ಐದು ವರ್ಷಕ್ಕೂ ಹೆಚ್ಚು ಬೇಕು. ಆ ಇಡೀ ಹಾದಿ ಸಾಗಲು ಬೆಳಕಿಗೇ 26 ಗಂಟೆ ಬೇಕು!